ರೋಮ್‌ಗೆ ಒಬ್ಬರೇ ಹೊರಟಿದ್ದೀರಾ? ದಿನಕ್ಕೆ ಒಂದೇ ಟಿಕೆಟ್ ಸಾಕು

ಪ್ರಶ್ನೆ: ನಾನು ರಾಜಾಜಿನಗರದವಳು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಪಾಠ ಮಾಡಿ ಹೋದ ವರ್ಷ ನಿವೃತ್ತಳಾದೆ. ಅಕ್ಟೋಬರ್‌ನಲ್ಲಿ ಒಂದು ತಿಂಗಳು ಮ್ಯೂನಿಕ್‌ನಲ್ಲಿರುವ ಮಗಳ ಮನೆಗೆ ಹೋಗುತ್ತಿದ್ದೇನೆ. ಆಗ ಐದು ದಿನ ರೋಮ್ ನೋಡುವ ಆಸೆ. ಮಗಳಿಗೆ ರಜೆ ಇಲ್ಲ, ಯಜಮಾನರಿಗೆ ಮಂಡಿ ನೋವು. ಹಾಗಾಗಿ ಒಬ್ಬಳೇ ಹೋಗಬೇಕು. ‘ಟೂರ್ ಗುಂಪಿನ ಜೊತೆ ಹೋಗಮ್ಮ’ ಅಂತ ಮಗಳು ಹೇಳುತ್ತಾಳೆ. ಒಬ್ಬಳೇ ಹೋಗುವುದು ಸರಿಯಾ? ಗೈಡ್ ಬೇಕಾ? ದಾರಿ ತಪ್ಪಿದರೆ? ನಾನು ಸಸ್ಯಾಹಾರಿ, ಊಟಕ್ಕೆ ಏನು ಮಾಡಲಿ? ನೋಡಬೇಕಾದ ಜಾಗಗಳ ಪಟ್ಟಿ ಜೊತೆಗಿದೆ.

ಉತ್ತರ: ಮೇಡಂ, ನಿಮ್ಮ ಪಟ್ಟಿ ನೋಡಿದೆ. ಐದು ದಿನಕ್ಕೆ ಇಪ್ಪತ್ತೆರಡು ಜಾಗ. ಇದು ಪರೀಕ್ಷೆಗೆ ಮುಂಚೆ ಪೋರ್ಷನ್ ಮುಗಿಸುವ ಟೀಚರ್ ಬರೆದ ಪಟ್ಟಿ. ನಿಮ್ಮನ್ನು ತಮಾಷೆ ಮಾಡುತ್ತಿಲ್ಲ. ಹದಿನೆಂಟು ವರ್ಷ ಕನ್ನಡದವರ ಗುಂಪುಗಳನ್ನು ಯುರೋಪಿಗೆ ಕರೆದುಕೊಂಡು ಹೋದ ನಾನೂ ಹೀಗೇ ಮಾಡುತ್ತಿದ್ದೆ. ಬೆಳಗ್ಗೆ ಕೊಲೋಸಿಯಂ, ಮಧ್ಯಾಹ್ನ ವ್ಯಾಟಿಕನ್, ಸಂಜೆ ಟ್ರೆವಿ ಕಾರಂಜಿ. ವಾಪಸ್ ಬಂದವರಿಗೆ ನೆನಪಿರುತ್ತಿದ್ದದ್ದು ಬಸ್ಸಿನ ಸೀಟು ಮತ್ತು ಟಾಯ್ಲೆಟ್ ಮುಂದಿನ ಕ್ಯೂ.

ಆಮೇಲೆ ಒಂದು ಸಲ ಗುಂಪನ್ನು ವಿಮಾನ ಹತ್ತಿಸಿ ನಾನೊಬ್ಬನೇ ನಾಲ್ಕು ದಿನ ಉಳಿದುಕೊಂಡೆ. ಆಗ ಕಲಿತದ್ದನ್ನೇ ನಿಮಗೆ ಹೇಳುತ್ತೇನೆ: ಮೊದಲೇ ಸಮಯ ಗೊತ್ತುಮಾಡಿ ಕೊಳ್ಳಬೇಕಾದ ಟಿಕೆಟ್ ದಿನಕ್ಕೆ ಒಂದೇ ಇರಲಿ. ಉಳಿದ ಹೊತ್ತು ನಡೆಯಿರಿ, ಕೂರಿ, ಬಾಗಿಲು ತೆರೆದಿರುವ ಚರ್ಚುಗಳಿಗೆ ಹೊಕ್ಕು ಬನ್ನಿ. ಒಬ್ಬರೇ ಹೋಗುವುದರ ಲಾಭ ಇದೊಂದೇ. ಒಂದು ಕಂಬದ ಮುಂದೆ ಅರ್ಧ ಗಂಟೆ ನಿಂತರೂ ‘ಬನ್ನಿ ಬನ್ನಿ, ಲೇಟಾಯ್ತು’ ಅನ್ನುವವರು ಯಾರೂ ಇರುವುದಿಲ್ಲ. ಪಟ್ಟಿ ಹಿಡಿದು ಓಡುವುದಾದರೆ ಮಗಳು ಹೇಳಿದ ಗುಂಪೇ ಒಳ್ಳೆಯದು, ಬಸ್ಸಾದರೂ ಇರುತ್ತದೆ.

ಹೊರಡುವ ಮುಂಚೆ ಬೆಂಗಳೂರಿನಲ್ಲೇ ಒಂದು ಅಭ್ಯಾಸ ಮಾಡಿ. ಒಂದು ಭಾನುವಾರ ಬೆಳಗ್ಗೆ ಒಬ್ಬರೇ ಪೇಟೆಗೆ ಹೋಗಿ. ಅವೆನ್ಯೂ ರಸ್ತೆಯಲ್ಲಿ ನಡೆದು ಕೋಟೆ ವೆಂಕಟರಮಣ ದೇವಸ್ಥಾನಕ್ಕೆ ಬನ್ನಿ. ಅದು ಚಿಕ್ಕದೇವರಾಜ ಒಡೆಯರ ಕಾಲದ್ದು. ಪಕ್ಕದಲ್ಲೇ 1791ರಲ್ಲಿ ಕಟ್ಟಿ ಮುಗಿಸಿದ ಟಿಪ್ಪುವಿನ ಮರದ ಅರಮನೆ. ಎದುರಿಗೆ ಬಸ್ಸುಗಳ ಗಲಾಟೆ. ಹಳೇ ಊರು ಅಂದರೆ ಹೀಗೇ, ಎಲ್ಲ ಕಾಲವೂ ಒಂದರ ಪಕ್ಕ ಒಂದು ಒತ್ತಿಕೊಂಡು ನಿಂತಿರುತ್ತದೆ. ಆಮೇಲೆ ಗಾಂಧಿ ಬಜಾರಿನ ವಿದ್ಯಾರ್ಥಿ ಭವನಕ್ಕೆ ಹೋಗಿ, ಒಬ್ಬರೇ ಕೂತು ದೋಸೆ ತಿನ್ನಿ. ಫೋನ್ ಬ್ಯಾಗಿನಲ್ಲೇ ಇರಲಿ. ಒಬ್ಬರೇ ಊರು ಸುತ್ತುವವರಿಗೆ ನಿಜವಾಗಿ ಕಷ್ಟ ಆಗುವುದು ದಾರಿ ತಪ್ಪಿದಾಗ ಅಲ್ಲ. ರಾತ್ರಿ ಎಂಟಕ್ಕೆ ‘ಎಷ್ಟು ಜನ?’ ಅಂತ ಮಾಣಿ ಕೇಳಿದಾಗ ‘ಒಬ್ಬಳೇ’ ಅನ್ನಬೇಕಲ್ಲ, ಆಗ. ನನ್ನಂಥ ಗಂಡಸಿಗೇ ಮೊದಲ ಸಲ ಗಂಟಲು ಒಣಗಿತ್ತು.

ವೀಸಾ ವಿಷಯ ಎರಡು ಮಾತಿನಲ್ಲಿ ಮುಗಿಸುತ್ತೇನೆ. ನೀವು ಜಾಸ್ತಿ ದಿನ ಇರುವುದು ಜರ್ಮನಿಯಲ್ಲಿ. ಹಾಗಾಗಿ ಷೆಂಗೆನ್ ವೀಸಾಕ್ಕೆ ಜರ್ಮನಿಗೇ ಅರ್ಜಿ ಹಾಕಿ. ಅದೇ ವೀಸಾದಲ್ಲಿ ಇಟಲಿಗೂ ಹೋಗಬಹುದು. ಕನಿಷ್ಠ 30,000 ಯೂರೋ ವೈದ್ಯಕೀಯ ವಿಮೆ ಬೇಕು. ಅರ್ಜಿಯನ್ನು ಆರು ತಿಂಗಳು ಮುಂಚೆಯೇ ಹಾಕಬಹುದು, ಕೊನೇ ವಾರಕ್ಕೆ ಬಿಡಬೇಡಿ.

ಫ್ಯೂಮಿಚೀನೋ ವಿಮಾನ ನಿಲ್ದಾಣದಿಂದ ಟರ್ಮಿನಿ ಸ್ಟೇಷನ್ನಿಗೆ ಲಿಯೊನಾರ್ಡೋ ಎಕ್ಸ್‌ಪ್ರೆಸ್ ಅನ್ನುವ ರೈಲಿದೆ. ಎಲ್ಲೂ ನಿಲ್ಲುವುದಿಲ್ಲ, 32 ನಿಮಿಷ. ಉಳಿಯಲು ಮೊಂಟಿ ಅನ್ನುವ ಬಡಾವಣೆ ನೋಡಿ. ಟರ್ಮಿನಿಗೂ ಕೊಲೋಸಿಯಂಗೂ ಮಧ್ಯೆ ಇದೆ, ಸಣ್ಣ ಗಲ್ಲಿಗಳು, ಸಂಜೆ ಜನ ಓಡಾಡುತ್ತಿರುತ್ತಾರೆ. ಹೋಟೆಲಿನಲ್ಲಿ ರೂಮಿನ ಬಾಡಿಗೆ ಬಿಟ್ಟು ಊರಿನ ತೆರಿಗೆ ಅಂತ ರಾತ್ರಿಗಿಷ್ಟು ಬೇರೆ ಕೇಳುತ್ತಾರೆ. ಮೋಸ ಅಂದುಕೊಂಡು ಜಗಳಕ್ಕೆ ಇಳಿಯಬೇಡಿ.

ಈಗ ಊರಿನ ವಿಷಯ. ಕೊಲೋಸಿಯಂ ಟಿಕೆಟ್ಟಿನ ಮೇಲೆ ನಿಮ್ಮ ಹೆಸರು ಇರುತ್ತದೆ, ಬಾಗಿಲಲ್ಲಿ ಗುರುತಿನ ಚೀಟಿ ಕೇಳುತ್ತಾರೆ. ಅಧಿಕೃತ ವೆಬ್‌ಸೈಟಿನಲ್ಲಿ ಸುಮಾರು 30 ದಿನ ಮುಂಚೆ ಬಿಡುತ್ತಾರೆ, ಬೇಗ ಖಾಲಿಯಾಗುತ್ತದೆ. ಬೆಳಗಿನ ಮೊದಲ ಹೊತ್ತು ತೆಗೆದುಕೊಳ್ಳಿ. ತಿಂಗಳ ಮೊದಲ ಭಾನುವಾರ ಪುಕ್ಕಟೆ ಅಂತ ಓದಿರುತ್ತೀರಿ. ಆ ದಿನ ಬೇಡವೇ ಬೇಡ, ವೈಕುಂಠ ಏಕಾದಶಿಯ ದಿನ ದೇವಸ್ಥಾನಕ್ಕೆ ಹೋದ ಹಾಗಿರುತ್ತದೆ. ಕೊಲೋಸಿಯಂ ಕಟ್ಟಲು ಚಕ್ರವರ್ತಿ ವೆಸ್ಪೇಸಿಯನ್ ಶುರು ಮಾಡಿದ್ದು, ಮಗ ಟೈಟಸ್ ಕ್ರಿ.ಶ. 80ರಲ್ಲಿ ತೆರೆದದ್ದು, ಇದೆಲ್ಲ ನೀವೇ ಪಾಠ ಮಾಡಿದ್ದೀರಿ.

ಅದೇ ಟಿಕೆಟ್ಟಿನಲ್ಲಿ ಪಕ್ಕದ ಫೋರಂ, ಅಂದರೆ ಹಳೇ ರೋಮ್‌ನ ಊರ ನಡುವಿನ ಚೌಕ, ಕೂಡ ನೋಡಬಹುದು. ಎಲ್ಲರೂ ಎಡವುವುದು ಅಲ್ಲೇ. ಒಳಗೆ ಹೋದರೆ ಬರೀ ಮುರಿದ ಕಂಬ, ಕಲ್ಲು, ಬಿಸಿಲು. ಯಾವುದು ಸೆನೆಟ್, ಯಾವುದು ಗುಡಿ, ತಲೆಬುಡ ಗೊತ್ತಾಗುವುದಿಲ್ಲ. ಹಂಪಿಯಲ್ಲಿ ಮೊದಲು ಮಾತಂಗ ಬೆಟ್ಟ ಹತ್ತಿ ಕೆಳಗಿನ ಬೀದಿ ನೋಡಿಕೊಂಡರೆ ಆಮೇಲೆ ಎಲ್ಲ ಸುಲಭ ಆಗುತ್ತದೆ ಅಲ್ವಾ? ಇಲ್ಲೂ ಹಾಗೇ ಮಾಡಿ. ಹಿಂದಿನ ದಿನ ಸಂಜೆ ಕ್ಯಾಪಿಟೊಲೈನ್ ಗುಡ್ಡ ಹತ್ತಿ. ಮೇಲಿರುವ ಪುರಭವನದ ಹಿಂಬದಿಗೆ ಹೋದರೆ ಇಡೀ ಫೋರಂ ಕಾಲ ಕೆಳಗೆ ಕಾಣುತ್ತದೆ. ದುಡ್ಡಿಲ್ಲ, ಕ್ಯೂ ಇಲ್ಲ. ಸಾಮ್ರಾಜ್ಯ ಬಿದ್ದ ಮೇಲೆ ಶತಮಾನಗಟ್ಟಲೆ ಇದೇ ಜಾಗದಲ್ಲಿ ದನ ಮೇಯುತ್ತಿದ್ದವು. ಜನ ಇದನ್ನು ‘ದನದ ಬಯಲು’ ಅಂತಲೇ ಕರೆಯುತ್ತಿದ್ದರು. ವಿರೂಪಾಕ್ಷ ಬಜಾರು ನೋಡಿದವರಿಗೆ ಇದು ವಿಚಿತ್ರ ಅನ್ನಿಸುವುದಿಲ್ಲ.

ಗೈಡ್ ಬೇಕಾ ಅಂತ ಕೇಳಿದ್ದೀರಿ. ಫೋರಂಗೆ ಮಾತ್ರ ಬೇಕು. ಅಲ್ಲಿ ಕಲ್ಲು ತಾನಾಗಿ ಮಾತಾಡುವುದಿಲ್ಲ, ಎರಡು ಗಂಟೆಗೆ ಒಬ್ಬ ಒಳ್ಳೆಯ ಗೈಡ್‌ಗೆ ಕೊಟ್ಟ ದುಡ್ಡು ದಂಡವಲ್ಲ. ಬೇರೆ ಕಡೆ ನಿಮಗೆ ಗೈಡ್ ಬೇಡ. ನಿಮಗೆ ಗೊತ್ತಿರುವುದು ಎಷ್ಟೋ ಗೈಡ್‌ಗಳಿಗೆ ಗೊತ್ತಿರುವುದಿಲ್ಲ.

ಕೊಲೋಸಿಯಂನಿಂದ ಐದಾರು ನಿಮಿಷ ನಡೆದರೆ ಸಾನ್ ಕ್ಲೆಮೆಂತೆ ಅನ್ನುವ ಚರ್ಚು ಸಿಗುತ್ತದೆ. ನಿಮ್ಮ ಪಟ್ಟಿಯಲ್ಲಿ ಇದಿಲ್ಲ. ಇಪ್ಪತ್ತೆರಡರಲ್ಲಿ ಹತ್ತು ಹೊಡೆದುಹಾಕಿ ಇದನ್ನು ಸೇರಿಸಿ. ಮೇಲಿರುವುದು 12ನೇ ಶತಮಾನದ ಚರ್ಚು, ಬಂಗಾರ ಬಣ್ಣದ ಮೊಸಾಯಿಕ್. ಟಿಕೆಟ್ ತಗೊಂಡು ಮೆಟ್ಟಿಲಿಳಿದರೆ ಅದರ ಕೆಳಗೆ 4ನೇ ಶತಮಾನದ ಇನ್ನೊಂದು ಚರ್ಚು. ಇನ್ನೂ ಇಳಿದರೆ 1ನೇ ಶತಮಾನದ ರೋಮನ್ ಕಟ್ಟಡದ ಗೋಡೆಗಳು, ಇಟ್ಟಿಗೆಯ ಓಣಿ, ಮಿತ್ರ ಅನ್ನುವ ದೇವರ ಗುಡಿ. ಹೌದು, ನಮ್ಮ ವೇದದ ಮಿತ್ರನ ಹೆಸರೇ, ಪರ್ಷಿಯಾ ದಾರಿಯಲ್ಲಿ ರೋಮನ್ ಸಿಪಾಯಿಗಳ ಕೈ ಸೇರಿದ್ದು. ಇಷ್ಟು ಕೆಳಗೆ ನೀರು ಹರಿಯುವ ಸದ್ದು ಕೇಳಿಸುತ್ತದೆ. ನಾನು ಅಲ್ಲಿ ಗೋಡೆಗೆ ಕಿವಿಯಿಟ್ಟು ನಿಂತಿದ್ದೆ. ಗುಂಪಿನ ಜೊತೆ ಹದಿನೆಂಟು ವರ್ಷದಲ್ಲಿ ಒಂದು ಸಲವೂ ಈ ಬಾಗಿಲು ದಾಟಿರಲಿಲ್ಲ, ಯಾಕಂದರೆ ಅದರ ಮುಂದೆ ಬಸ್ ನಿಲ್ಲಿಸಲು ಜಾಗ ಇಲ್ಲ.

ನಡುವಿನ ಚರ್ಚಿನ ಗೋಡೆಯಲ್ಲಿ 11ನೇ ಶತಮಾನದ ಒಂದು ಚಿತ್ರವಿದೆ. ಸಿಸಿನ್ನಿಯಸ್ ಅನ್ನುವ ಸಾಹುಕಾರ ಸಂತ ಕ್ಲೆಮೆಂಟನನ್ನು ಎಳೆದುಕೊಂಡು ಹೋಗಿ ಅಂತ ಆಳುಗಳಿಗೆ ಹೇಳುತ್ತಾನೆ. ಅವರಿಗೆ ಕಣ್ಣು ಮಂಜಾಗಿ, ಸಂತ ಅಂದುಕೊಂಡು ಕಲ್ಲಿನ ಕಂಬ ಎಳೆಯುತ್ತಿದ್ದಾರೆ. ಸಾಹುಕಾರನ ಮಾತನ್ನು ಕಾಮಿಕ್ಸ್ ಪುಸ್ತಕದ ಹಾಗೆ ಪಕ್ಕದಲ್ಲೇ ಬರೆದಿದ್ದಾರೆ. ಲ್ಯಾಟಿನ್ ಅಲ್ಲ, ಜನ ಆಡುತ್ತಿದ್ದ ಮಾತು. ಇಟಾಲಿಯನ್ ಆಡುಮಾತು ಬರಹದಲ್ಲಿ ಸಿಗುವ ತೀರಾ ಹಳೇ ಉದಾಹರಣೆಗಳಲ್ಲಿ ಇದೂ ಒಂದು. ಅದರಲ್ಲಿರುವುದು ತಾಯಿಯನ್ನು ಎಳೆದು ತಂದ ಬೈಗುಳ! ನಮ್ಮ ಹಲ್ಮಿಡಿ ಶಾಸನದಲ್ಲಿ ದಾನ ಕೊಟ್ಟ ಗೌರವದ ಮಾತಿದೆ, ಇವರದರಲ್ಲಿ ಆಳುಗಳಿಗೆ ಬೈದದ್ದು. ಚರ್ಚಿನ ಗೋಡೆಯ ಮೇಲೆ. ಒಂದು ಎಚ್ಚರಿಕೆ: ರೋಮ್‌ನ ಎಷ್ಟೋ ಚರ್ಚುಗಳು ಮಧ್ಯಾಹ್ನ ಎರಡು ಮೂರು ಗಂಟೆ ಬಾಗಿಲು ಹಾಕುತ್ತವೆ. ಮೊದಲೇ ಸಮಯ ನೋಡಿಕೊಂಡು ಹೋಗಿ.

ಪ್ಯಾಂಥಿಯಾನ್ ಅನ್ನುವ ಹಳೇ ರೋಮನ್ ಗುಡಿಗೆ ಒಂದು ಬೆಳಗ್ಗೆ ಪೂರ್ತಿ ಇಟ್ಟುಕೊಳ್ಳಿ. 2023ರ ಜುಲೈನಿಂದ ಟಿಕೆಟ್ ಇಟ್ಟಿದ್ದಾರೆ. ಮುಂಭಾಗದಲ್ಲಿ ‘ಲೂಸಿಯಸ್‌ನ ಮಗ ಮಾರ್ಕಸ್ ಅಗ್ರಿಪ್ಪ ಮೂರನೇ ಸಲ ಕಾನ್ಸುಲ್ ಆಗಿದ್ದಾಗ ಕಟ್ಟಿಸಿದ’ ಅಂತ ದೊಡ್ಡದಾಗಿ ಕೆತ್ತಿದೆ. ನಂಬಬೇಡಿ. ಅಗ್ರಿಪ್ಪನ ಕಟ್ಟಡ ಸುಟ್ಟುಹೋಗಿತ್ತು. ಈಗಿರುವುದು ಚಕ್ರವರ್ತಿ ಹೇಡ್ರಿಯನ್ ಕಾಲದಲ್ಲಿ, ಕ್ರಿ.ಶ. 126ರ ಸುಮಾರಿಗೆ ಮುಗಿದದ್ದು. ಅವನು ತನ್ನ ಹೆಸರು ಹಾಕದೆ ಹಳೇ ಹೆಸರನ್ನೇ ಉಳಿಸಿದ. ಬೋರ್‌ವೆಲ್ಲಿಗೂ ಕಲ್ಲು ನೆಟ್ಟು ಹೆಸರು ಕೆತ್ತಿಸುವ ನಮ್ಮ ಜನಪ್ರತಿನಿಧಿಗಳಿಗೆ ಇದನ್ನು ಯಾರಾದರೂ ಹೇಳಬೇಕು.

ಒಳಗೆ ಹೋದ ತಕ್ಷಣ ಫೋಟೋ ತೆಗೆಯಬೇಡಿ. ಮೊದಲು ಕೂರಿ. ಗುಮ್ಮಟದ ಅಗಲ 43.3 ಮೀಟರ್, ನೆಲದಿಂದ ತುದಿಗೂ ಅಷ್ಟೇ ಎತ್ತರ. ಅಂದರೆ ಒಳಗೆ ಒಂದು ದೊಡ್ಡ ಚೆಂಡು ಸರಿಯಾಗಿ ಕೂರುತ್ತದೆ. ನಮ್ಮ ವಿಜಯಪುರದ ಗೋಳ ಗುಮ್ಮಟದ ಒಳಗಿನ ಅಗಲ ಸುಮಾರು 38 ಮೀಟರ್. ಅದು 17ನೇ ಶತಮಾನದ್ದು, ಇದು ಅದಕ್ಕಿಂತ ಸಾವಿರದ ಐನೂರು ವರ್ಷ ಹಿಂದಿನದು. ಒಂದು ಕಬ್ಬಿಣದ ಸರಳೂ ಇಲ್ಲದ ಕಾಂಕ್ರೀಟು. ನಿಂತಿರುವುದು ಹೇಗೆ ಅಂದರೆ, ಮೇಲೆ ಹೋದ ಹಾಗೆ ಗೋಡೆ ತೆಳ್ಳಗಾಗುತ್ತದೆ, ಕಾಂಕ್ರೀಟಿಗೆ ಬೆರೆಸಿದ ಕಲ್ಲೂ ಹಗುರವಾಗುತ್ತದೆ. ತುದಿಯಲ್ಲಿ ಹಾಕಿರುವುದು ಜ್ವಾಲಾಮುಖಿಯ ತೂತು ತೂತಾದ ಕಲ್ಲು.

ತುದಿಯಲ್ಲಿ ಸುಮಾರು 9 ಮೀಟರ್ ಅಗಲದ ಬಾಯಿ, ಮುಚ್ಚಳ ಇಲ್ಲ. ಮಳೆ ಬಂದರೆ ಒಳಗೇ ಬೀಳುತ್ತದೆ, ನೆಲದ ಸಣ್ಣ ತೂತುಗಳಲ್ಲಿ ಇಳಿದು ಹೋಗುತ್ತದೆ. ಆ ಬಾಯಿಂದ ಬಿಸಿಲಿನ ಒಂದು ದುಂಡನೆ ಬಿಲ್ಲೆ ಬಿದ್ದು ದಿನವಿಡೀ ಸರಿಯುತ್ತಾ ಇರುತ್ತದೆ. ಏಪ್ರಿಲ್ 21, ಅಂದರೆ ರೋಮ್ ಹುಟ್ಟಿದ ದಿನ ಅಂತ ಅವರು ಆಚರಿಸುವ ದಿನದ ಸುಮಾರಿಗೆ, ನಡು ಮಧ್ಯಾಹ್ನ ಅದು ಸರಿಯಾಗಿ ಬಾಗಿಲಿನ ಮೇಲೆ ಬೀಳುತ್ತದೆ. ಸಂಕ್ರಾಂತಿಯ ದಿನ ಗವಿಪುರದ ಗವಿ ಗಂಗಾಧರೇಶ್ವರನ ಮೇಲೆ ಸಂಜೆ ಬಿಸಿಲು ಬೀಳುವುದಕ್ಕೆ ನೀವು ಕಾದು ನಿಂತಿದ್ದರೆ, ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನೀವು ಹೋಗುವ ಅಕ್ಟೋಬರ್‌ನಲ್ಲಿ ಬಿಸಿಲು ಓರೆ. ಬಿಲ್ಲೆ ನೆಲಕ್ಕೆ ಇಳಿಯದೆ ಮೇಲೆ ಗುಮ್ಮಟದ ಒಳಮೈ ಮೇಲೇ ಸರಿದಾಡುತ್ತದೆ. ಒಂದು ಗಂಟೆ ಕೂತರೆ ಅದು ಜಾಗ ಬದಲಿಸುವುದು ಕಣ್ಣಿಗೆ ಕಾಣುತ್ತದೆ.

ಅಲ್ಲಿಂದ ನಾಲ್ಕು ಹೆಜ್ಜೆ ಹಾಕಿದರೆ ಸಾನ್ ಲುಯಿಜಿ ದೇಯಿ ಫ್ರಾಂಚೇಸಿ ಚರ್ಚು, ಒಳಗೆ ಕರವಾಜ್ಜೋ ಬಿಡಿಸಿದ ಮೂರು ಚಿತ್ರಗಳು, ಪುಕ್ಕಟೆ. ಕತ್ತಲಿರುತ್ತದೆ. ಡಬ್ಬಿಗೆ ನಾಣ್ಯ ಹಾಕಿದರೆ ದೀಪ ಹತ್ತುತ್ತದೆ. ನಾನು ಬೇರೆಯವರು ಹಾಕುವವರೆಗೆ ಕಾದೆ. ಅವರೂ ನಾನು ಹಾಕಲಿ ಅಂತ ಕಾಯುತ್ತಿದ್ದರು ಅನ್ನಿಸುತ್ತದೆ.

ಟ್ರೆವಿ ಕಾರಂಜಿಯನ್ನು ಹಗಲು ನೋಡಬೇಡಿ, ತಲೆಗಳೇ ಕಾಣುತ್ತವೆ. ಬೆಳಗ್ಗೆ ಆರೂವರೆಗೆ ಹೋಗಿ. ಕಾರಂಜಿ ಮುಗಿದದ್ದು 1762ರಲ್ಲಿ, ಆದರೆ ಅದರ ನೀರಿನ ಕಾಲುವೆ ಕ್ರಿ.ಪೂ. 19ರದ್ದು. ಅದನ್ನು ತಂದವನು ಅದೇ ಅಗ್ರಿಪ್ಪ, ಪ್ಯಾಂಥಿಯಾನ್ ಮುಂಭಾಗದಲ್ಲಿ ಹೆಸರಿದ್ದವನು. ಸುಮಾರು ಇಪ್ಪತ್ತು ಕಿಲೋಮೀಟರ್ ದೂರದಿಂದ ಬರೀ ಇಳಿಜಾರಿನಲ್ಲಿ ಹರಿದು ಬರುತ್ತದೆ. ನೂರು ಕಿಲೋಮೀಟರ್ ಆಚೆಯ ತೊರೆಕಾಡನಹಳ್ಳಿಯಿಂದ ಪಂಪ್ ಮಾಡಿ ಎತ್ತಿದ ಕಾವೇರಿ ನೀರು ಕುಡಿಯುವ ನಮಗೆ ಇದು ಹೊಟ್ಟೆಕಿಚ್ಚಿನ ವಿಷಯ. ಬೀದಿ ಬೀದಿಯಲ್ಲೂ ‘ನಾಸೋನಿ’ ಅನ್ನುವ ಕಬ್ಬಿಣದ ನಲ್ಲಿಗಳಿವೆ, ಊರಲ್ಲಿ ಸುಮಾರು 2,500. ಕುಡಿಯುವ ನೀರೇ, ಸದಾ ಸುರಿಯುತ್ತಿರುತ್ತದೆ. ನಲ್ಲಿಯ ಮೂತಿಯನ್ನು ಬೆರಳಲ್ಲಿ ಮುಚ್ಚಿದರೆ ಮೇಲಿನ ಸಣ್ಣ ತೂತಿನಿಂದ ನೀರು ಚಿಮ್ಮುತ್ತದೆ. ಬಾಯಿ ತಾಕಿಸದೆ ಕುಡಿಯುವುದು ನಮಗೆ ಯಾರೂ ಕಲಿಸಬೇಕಾಗಿಲ್ಲ. ಬಾಟಲಿ ಕೊಳ್ಳಬೇಡಿ.

ವ್ಯಾಟಿಕನ್ ಮ್ಯೂಸಿಯಂ ಬಗ್ಗೆ ನನಗೆ ಅಷ್ಟು ಉತ್ಸಾಹ ಇಲ್ಲ. ಮೈಕೆಲೇಂಜಲೋ 1508ರಿಂದ 1512ರವರೆಗೆ ಬಿಡಿಸಿದ ಸಿಸ್ಟೀನ್ ಚಾಪೆಲ್‌ನ ಚಾವಣಿ ನೋಡಲೇಬೇಕು, ನಿಜ. ಆದರೆ ಅಲ್ಲಿಗೆ ತಲುಪುವ ತನಕ ತಿರುಪತಿ ಕ್ಯೂ. ಭಾನುವಾರ ಸಾಮಾನ್ಯವಾಗಿ ರಜೆ. ಭುಜ, ಮಂಡಿ ಮುಚ್ಚಿರಬೇಕು. ಸೀರೆಗೋ ಚೂಡಿದಾರಕ್ಕೋ ಒಂದು ಶಾಲು ಇದ್ದರೆ ಯಾವ ಚರ್ಚಿಗೂ ಹೋಗಬಹುದು.

ದಾರಿ ತಪ್ಪುವ ಭಯ ಬಿಡಿ. ಹಳೇ ಊರಿನ ಬೆನ್ನೆಲುಬು ವಿಯಾ ದೆಲ್ ಕೋರ್ಸೋ ಅನ್ನುವ ನೇರ ರಸ್ತೆ, ಒಂದೂವರೆ ಕಿಲೋಮೀಟರ್. ಉತ್ತರದ ತುದಿಯಲ್ಲಿ ಪಿಯಾತ್ಸಾ ದೆಲ್ ಪೋಪೊಲೊ, ದಕ್ಷಿಣದ ತುದಿಯಲ್ಲಿ ಬಿಳಿ ಬೆಟ್ಟದಂಥ ಸ್ಮಾರಕ ಇರುವ ಪಿಯಾತ್ಸಾ ವೆನೇತ್ಸಿಯಾ. ಪಶ್ಚಿಮಕ್ಕೆ ಹೋದರೆ ಟೈಬರ್ ನದಿ ಅಡ್ಡ ಸಿಗುತ್ತದೆ. ಈ ಎರಡು ನೆನಪಿದ್ದರೆ ಗಲ್ಲಿಯಲ್ಲಿ ತಪ್ಪಿಸಿಕೊಂಡರೂ ಹತ್ತು ನಿಮಿಷದಲ್ಲಿ ಗೊತ್ತಿರುವ ಜಾಗಕ್ಕೆ ಬರುತ್ತೀರಿ. ಮ್ಯಾಪ್ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ, ಹೋಟೆಲಿನ ವಿಳಾಸ ಕಾಗದದಲ್ಲೂ ಇರಲಿ. ರಸ್ತೆಗೆ ಸಣ್ಣ ಕಪ್ಪು ಕಲ್ಲು ಹಾಸಿರುತ್ತಾರೆ, ಪಾದಕ್ಕೆ ಸುಸ್ತು. ದಪ್ಪ ಅಟ್ಟೆಯ ಹಳೇ ಶೂ ಬೇಕು. ಬೆಂಗಳೂರಿನ ಫುಟ್‌ಪಾತ್ ಮೇಲೆ ನಡೆದ ಕಾಲು, ಏನೂ ಆಗುವುದಿಲ್ಲ.

ಜೇಬುಗಳ್ಳರು ಮಾತ್ರ ನಿಜ. ಮೈಮೇಲೆ ಬೀಳುವ ಅಪಾಯ ಕಮ್ಮಿ, ಕೈಚಳಕದ ಅಪಾಯ ಜಾಸ್ತಿ. ಟರ್ಮಿನಿಯಿಂದ ವ್ಯಾಟಿಕನ್ ಕಡೆ ಹೋಗುವ 64ನೇ ನಂಬರ್ ಬಸ್ಸು ಇದಕ್ಕೇ ಹೆಸರುವಾಸಿ. ಗುಂಪಿಗೆಲ್ಲ ‘ಬ್ಯಾಗ್ ಮುಂದೆ ಇಟ್ಕೊಳ್ಳಿ’ ಅಂತ ಭಾಷಣ ಮಾಡುತ್ತಿದ್ದ ನಾನೇ ಒಂದು ಸಲ ಮೆಟ್ರೋದಲ್ಲಿ ಪರ್ಸ್ ಕಳೆದುಕೊಂಡೆ. ಬಾಗಿಲು ಮುಚ್ಚುವಾಗ ಇಬ್ಬರು ಹುಡುಗಿಯರು ಒತ್ತಿಕೊಂಡು ಹತ್ತಿದರು, ಮುಂದಿನ ಸ್ಟೇಷನ್ನಿನಲ್ಲಿ ಇಳಿದರು, ಅಷ್ಟೇ. ಆದ್ದರಿಂದ ಪಾಸ್‌ಪೋರ್ಟ್, ಕಾರ್ಡು, ದುಡ್ಡು ಎಲ್ಲ ಒಂದೇ ಕಡೆ ಇಡಬೇಡಿ. ಯಾರಾದರೂ ಕೈಗೆ ದಾರ ಕಟ್ಟಲು, ಗುಲಾಬಿ ಕೊಡಲು ಬಂದರೆ ಮುಖ ನೋಡದೆ ಮುಂದೆ ನಡೆಯಿರಿ. ಟೀಚರ್ ಮುಖ ಮಾಡಿದರೆ ಸಾಕು, ನಿಮಗೆ ಬರುತ್ತದೆ. ತುರ್ತು ಇದ್ದರೆ 112.

ಊಟದ ವಿಷಯದಲ್ಲಿ ನಿಮಗೆ ಒಂದು ಸಂತೋಷದ ಸುದ್ದಿ. ರೋಮ್‌ನ ‘ಬಾರ್’ ಅಂದರೆ ಹೆಂಡದಂಗಡಿ ಅಲ್ಲ, ನಮ್ಮ ದರ್ಶಿನಿ. ಎಷ್ಟೋ ಕಡೆ ಮೊದಲು ಕ್ಯಾಷಿಯರ್ ಹತ್ತಿರ ದುಡ್ಡು ಕೊಟ್ಟು ಚೀಟಿ ತಗೊಂಡು, ಕೌಂಟರಿನಲ್ಲಿ ಅದನ್ನು ಕೊಟ್ಟು, ನಿಂತೇ ಕಾಫಿ ಕುಡಿದು ಹೊರಡಬೇಕು. ಕೂತರೆ ದರ ಜಾಸ್ತಿ. ಹೋಟೆಲ್ ಬಿಲ್ಲಿನಲ್ಲಿ ‘ಪಾನೆ’ ಅಂತ ಒಂದೆರಡು ಯೂರೋ ಸೇರಿಸಿದ್ದರೆ ಅದು ಮೇಜಿನ ಮೇಲಿಟ್ಟ ಬ್ರೆಡ್ಡಿಗೆ.

ಮೋಸ ಹೋಗುವುದು ಹೆಸರುಗಳಲ್ಲಿ. ‘ಸುಪ್ಲಿ’ ನೋಡಲು ನಮ್ಮ ಬೋಂಡಾ, ಒಳಗೆ ಅನ್ನದ ಜೊತೆ ಸಾಮಾನ್ಯವಾಗಿ ಮಾಂಸದ ಸಾರು ಇರುತ್ತದೆ. ಕುಂಬಳ ಜಾತಿಯ ಹೂವಿನ ಬಜ್ಜಿ ಒಳಗೆ ಮೀನು ಇಟ್ಟಿರುತ್ತಾರೆ. ‘ಮರಿನಾರಾ’ ಪಿಜ್ಜಾ ಸಮುದ್ರದ ಹೆಸರಿದ್ದರೂ ಬರೀ ಟೊಮೆಟೊ, ಬೆಳ್ಳುಳ್ಳಿ, ಚೀಸ್ ಕೂಡ ಇಲ್ಲ. ‘ಕಾಚೋ ಏ ಪೇಪೆ’ ಅಂದರೆ ಚೀಸ್ ಮೆಣಸಿನ ಪಾಸ್ತಾ, ಮಾಂಸ ಇಲ್ಲ. ಆದರೆ ಆ ಪೆಕೊರಿನೊ ಚೀಸ್‌ಗೆ ಹಾಲು ಒಡೆಸುವುದು ಕುರಿಮರಿಯ ಹೊಟ್ಟೆಯಿಂದ ತೆಗೆದ ರೆನೆಟ್‌ನಿಂದ. ತುಂಬಾ ಕಟ್ಟುನಿಟ್ಟು ಅಂದರೆ ಅದನ್ನು ಬಿಡಬೇಕು. ‘ಸೆಂತ್ಸಾ ಕಾರ್ನೆ, ಸೆಂತ್ಸಾ ಪೆಷೆ’, ಮಾಂಸ ಬೇಡ ಮೀನು ಬೇಡ ಅಂತ, ಬಾಯಿಪಾಠ ಮಾಡಿಕೊಳ್ಳಿ. ದೊಡ್ಡ ಊಟ ಮಧ್ಯಾಹ್ನವೇ ಮಾಡಿ. ಅಕ್ಟೋಬರ್‌ನಲ್ಲಿ ಆರು ಏಳರ ಮಧ್ಯೆ ಕತ್ತಲಾಗುತ್ತದೆ, ರಾತ್ರಿ ಊಟದ ಹೋಟೆಲುಗಳು ತೆರೆಯುವುದೇ ಏಳೂವರೆ ಹೊತ್ತಿಗೆ. ತೂಕದ ಲೆಕ್ಕದಲ್ಲಿ ಕತ್ತರಿಸಿ ಕೊಡುವ ಪಿಜ್ಜಾ ತಗೊಂಡು ಯಾವುದಾದರೂ ಚೌಕದ ಬೆಂಚಿನ ಮೇಲೆ ಕೂತರೆ ‘ಎಷ್ಟು ಜನ?’ ಅಂತ ಕೇಳುವವರೇ ಇಲ್ಲ. ಸ್ಪ್ಯಾನಿಷ್ ಮೆಟ್ಟಿಲ ಮೇಲೆ ಮಾತ್ರ ಕೂರಬೇಡಿ, 2019ರಿಂದ ದಂಡ ಹಾಕುತ್ತಾರೆ.

ಆ ಪಾಸ್ತಾದ ಮೆಣಸಿಗೂ ನಮಗೂ ನಂಟಿದೆ. ಮಲಬಾರಿನ ಕಾಳುಮೆಣಸಿಗೆ ಫೋರಂ ಪಕ್ಕ ಒಂದು ಉಗ್ರಾಣವನ್ನೇ ಕಟ್ಟಿದ್ದರು. ವರ್ಷವರ್ಷ ಐದು ಕೋಟಿ ಸೆಸ್ಟರ್ಸ್ ನಾಣ್ಯ ಇಂಡಿಯಾಕ್ಕೆ ಹೋಗುತ್ತಿದೆ ಅಂತ ರೋಮನ್ ಲೇಖಕ ಪ್ಲಿನಿ ಗೊಣಗಿದ್ದ. ಆ ದುಡ್ಡಿನ ಒಂದಿಷ್ಟು ನಿಮ್ಮ ರಾಜಾಜಿನಗರದ ಪಕ್ಕದಲ್ಲೇ ಸಿಕ್ಕಿದೆ. ಯಶವಂತಪುರದಲ್ಲೂ ಎಚ್‌ಎಎಲ್ ಹತ್ತಿರವೂ ರೋಮನ್ ಬೆಳ್ಳಿ ನಾಣ್ಯಗಳು ದೊರೆತಿವೆ. ಅಗಸ್ಟಸ್, ಟೈಬೀರಿಯಸ್ ಕಾಲದವು. ಅದೇ ಚಕ್ರವರ್ತಿಗಳ ನಾಣ್ಯಗಳು ಟರ್ಮಿನಿ ಎದುರಿಗಿರುವ ಪಲಾತ್ಸೋ ಮಾಸ್ಸಿಮೋ ಮ್ಯೂಸಿಯಂನ ನೆಲಮಾಳಿಗೆಯಲ್ಲಿವೆ. ಅಲ್ಲಿ ಜನವೇ ಇರುವುದಿಲ್ಲ. ಮೇಲಿನ ಮಹಡಿಯಲ್ಲಿ ಅಗಸ್ಟಸ್‌ನ ಹೆಂಡತಿ ಲಿವಿಯಾಳ ಮನೆಯಿಂದ ತಂದ ಕೋಣೆಯೊಂದಿದೆ, ನಾಲ್ಕೂ ಗೋಡೆಯ ಮೇಲೆ ಹಣ್ಣು, ಹಕ್ಕಿ, ಗಿಡ ತುಂಬಿದ ತೋಟದ ಚಿತ್ರ. ಕೊನೇ ದಿನ ವಿಮಾನ ನಿಲ್ದಾಣದ ರೈಲು ಹಿಡಿಯುವ ಮುಂಚೆ ಇದನ್ನು ನೋಡಬಹುದು, ರಸ್ತೆ ದಾಟಿದರೆ ಸ್ಟೇಷನ್. ಆದರೆ ಸೋಮವಾರ ಮುಚ್ಚಿರುತ್ತದೆ. ನಿಮ್ಮ ಕೊನೇ ದಿನ ಸೋಮವಾರ ಬಂದರೆ ಇದನ್ನು ಇಳಿದ ದಿನವೇ ನೋಡಿಬಿಡಿ.